‘ಪರಾಕ್ಲೇತೊಸ್’ ಎಂದರೆ ಯಾರು?

ರಾಯಚೂರು ನಗರ, ದೇವದುರ್ಗ, ಮಾನ್ವಿ ಕಡೆಯ ನಮ್ಮ ಯುವಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಹ. ಈಸಾ(ಅ)ರು ತಮ್ಮ ನಂತರ ಬರಲಿರುವ ಒಬ್ಬರ ಕುರಿತು ಶುಭವಾರ್ತೆ ನೀಡಿದ್ದಾರೆ. ಅಲ್ಲಿದ್ದ ಗ್ರೀಕ್ ಪದ ‘ಅಹ್ಮದ್’ ಎಂಬ ಅರ್ಥವನ್ನೇ ಕೊಡುತ್ತಿತ್ತು, ಆಮೇಲೆ ಚರ್ಚಿನವರು ಅದರ ಅಕ್ಷರಗಳನ್ನು ತಿದ್ದಿ ಬೇರೆ ಪದವನ್ನಾಗಿ ಮಾಡಿದರು ಎಂದು ನಾವು ಕೇಳಿದ್ದೇವೆ. ಇದು ನಿಜವೇ? ಕ್ರೈಸ್ತ ಮಿತ್ರರ ಮುಂದೆ ಇದನ್ನು ಹೇಳಬಹುದೇ?

ಈ ಪ್ರಶ್ನೆ ಹೊಸದಲ್ಲ. ಶೇಖ್ ಅಹ್ಮದ್ ದೀದಾತ್‌ರ ಭಾಷಣಗಳ ಕ್ಯಾಸೆಟ್‌ಗಳು ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲೂ ಇತ್ತು, ಮೊಬೈಲಿನಲ್ಲಿ ಎರಡು ನಿಮಿಷದ ತುಣುಕುಗಳು ಹರಿದಾಡುವ ಇಂದೂ ಇದೆ. ನಮ್ಮ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಪ್ರಶ್ನೆಯೂ ಅಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್‌ನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದಲೇ ಕ್ಯಾಥೊಲಿಕ್ ಕ್ರೈಸ್ತರಿದ್ದಾರೆ. ರಾಯಚೂರಿನಲ್ಲಿ ಮೆಥೊಡಿಸ್ಟ್ ಸಭೆಯವರಿದ್ದಾರೆ. ಒಂದೇ ಓಣಿಯಲ್ಲಿ ಮನೆ, ಒಂದೇ ಶಾಲೆಯಲ್ಲಿ ಮಕ್ಕಳು, ಒಂದೇ ಆಫೀಸಿನಲ್ಲಿ ನೌಕರಿ. ಇಲ್ಲಿ ಒಬ್ಬ ಮುಸ್ಲಿಮ್ ಯುವಕನು ನೆರೆಯವನಿಗೆ “ನಿಮ್ಮ ಗ್ರಂಥದಲ್ಲಿ ಈ ಪದವನ್ನು ನಿಮ್ಮವರೇ ಬದಲಿಸಿದ್ದಾರೆ” ಎಂದು ಹೇಳಿದರೆ ಅದು ಒಂದು ಆರೋಪ. ಆರೋಪ ಹೊರಿಸುವವನು ಸಾಕ್ಷ್ಯವನ್ನು ತರಬೇಕಾಗುತ್ತದೆ. ಆದ್ದರಿಂದ ಪದವನ್ನೇ ಸ್ವಲ್ಪ ಕೂಲಂಕಷವಾಗಿ ನೋಡೋಣ.

ಪದ ಮತ್ತು ಅದರ ಅರ್ಥ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಪರಾಕ್ಲೇತೊಸ್’ ಎಂಬ ಪದವು ಒಟ್ಟು ಐದು ಸಲ ಬರುತ್ತದೆ. ನಾಲ್ಕು ಸಲ ಯೋಹಾನನ ಸುವಾರ್ತೆಯಲ್ಲಿ (14:16, 14:26, 15:26, 16:7), ಒಂದು ಸಲ ಯೋಹಾನನ ಮೊದಲನೆಯ ಪತ್ರದಲ್ಲಿ (2:1). ಬೇರೆಲ್ಲೂ ಇಲ್ಲ. ಅರಬಿಯಲ್ಲಿ ಇದೇ ‘ಫಾರಖ್ಲೀತ್’ ಆಯಿತು.

ಪದದ ರಚನೆ ಸರಳವಾಗಿದೆ. ‘ಪರಾ’ ಎಂದರೆ ಪಕ್ಕದಲ್ಲಿ, ‘ಕ್ಲೇತೊಸ್’ ಎಂದರೆ ಕರೆಯಲ್ಪಟ್ಟವನು. ಕಷ್ಟದಲ್ಲಿರುವವನು ತನ್ನ ಪಕ್ಕದಲ್ಲಿ ನಿಲ್ಲಲು ಕರೆದುಕೊಂಡು ಬಂದವನೇ ಪರಾಕ್ಲೇತೊಸ್. ಪ್ರಾಚೀನ ಗ್ರೀಕರ ನ್ಯಾಯಾಲಯದಲ್ಲಿ ಮೊಕದ್ದಮೆಗೆ ಸಿಲುಕಿದವನು ತನ್ನ ಪರವಾಗಿ ಮಾತನಾಡಲು ಬಂಧುಮಿತ್ರರನ್ನು, ಊರಿನಲ್ಲಿ ಗಣ್ಯರಾದವರನ್ನು ಕರೆತರುತ್ತಿದ್ದ. ಅವರು ಫೀಸು ಪಡೆಯುವ ವಕೀಲರಲ್ಲ. ಅವರ ಮಾತಿಗೆ ತೂಕ ಬರುತ್ತಿದ್ದುದು ಅವರ ಮರ್ಯಾದೆಯಿಂದ. ನಮ್ಮ ಹಳ್ಳಿಗಳ ಪಂಚಾಯತಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜಗಳದಲ್ಲಿ ಸಿಕ್ಕಿದವನು ಊರ ಹಿರಿಯರೊಬ್ಬರ ಮನೆಗೆ ಹೋಗಿ, “ಯಜಮಾನ್ರ, ನನ್ನ ಕಡಿಂದ ನಾಕು ಮಾತು ಹೇಳಾಕ ಬರ್ರಿ” ಎಂದು ಕೇಳಿಕೊಳ್ಳುತ್ತಾನಲ್ಲ, ಹಾಗೆ ಬಂದು ಪಕ್ಕದಲ್ಲಿ ಕೂರುವ ಹಿರಿಯರ ಸ್ಥಾನವೇ ಈ ಪದದ ಮೊದಲ ಅರ್ಥ.

ಯಹೂದಿ ವಿದ್ವಾಂಸರು ಈ ಗ್ರೀಕ್ ಪದವನ್ನು ಹಾಗೆಯೇ ತಮ್ಮ ಭಾಷೆಗೆ ತೆಗೆದುಕೊಂಡರು. ಮಿಶ್ನಾದ ನೀತಿಭಾಗದಲ್ಲಿ, ದೇವಾಜ್ಞೆಯೊಂದನ್ನು ಪಾಲಿಸಿದವನು ತನಗಾಗಿ ಒಬ್ಬ ‘ಪೆರಕ್ಲೀತ’ನನ್ನು ಸಂಪಾದಿಸಿಕೊಳ್ಳುತ್ತಾನೆ, ಪಾಪ ಮಾಡಿದವನು ತನ್ನ ವಿರುದ್ಧ ಒಬ್ಬ ಆರೋಪಿಸುವವನನ್ನು ಸಂಪಾದಿಸಿಕೊಳ್ಳುತ್ತಾನೆ ಎಂಬ ಅರ್ಥದ ಮಾತಿದೆ. ಉಪವಾಸ ಮತ್ತು ಕುರ್‌ಆನ್ ಪುನರುತ್ಥಾನ ದಿನದಂದು ದಾಸನ ಪರವಾಗಿ ಶಿಫಾರಸು ಮಾಡುವುವು ಎಂಬ ಪ್ರವಾದಿವಚನವನ್ನು (ಮುಸ್ನದ್ ಅಹ್ಮದ್) ಬಲ್ಲ ಓದುಗರಿಗೆ ಈ ಕಲ್ಪನೆ ಅಪರಿಚಿತವೆನಿಸದು.

ಅನುವಾದಕರ ಕಷ್ಟ

ಇಷ್ಟು ಅರ್ಥಗಳನ್ನು ಹೊತ್ತ ಪದವನ್ನು ಒಂದೇ ಪದದಲ್ಲಿ ಅನುವಾದಿಸುವುದು ಯಾರಿಗೂ ಸುಲಭವಾಗಲಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್, ಸುವಾರ್ತೆಯಲ್ಲಿ ಗ್ರೀಕ್ ಪದವನ್ನೇ ಉಳಿಸಿಕೊಂಡು ಪತ್ರದಲ್ಲಿ ಮಾತ್ರ ‘ವಕೀಲ’ ಎಂಬ ಅರ್ಥದ ಲ್ಯಾಟಿನ್ ಪದವನ್ನು ಹಾಕಿದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಸುವಾರ್ತೆಯ ಪದ ‘ಸಾಂತ್ವನ ನೀಡುವವನು’ ಎಂದಾಯಿತು, ಪತ್ರದಲ್ಲಿ ‘ವಕೀಲ’ ಎಂದಾಯಿತು. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಅನುವಾದಗಳಲ್ಲಿ ಒಂದು ‘ಸಲಹೆಗಾರ’ ಎಂದಿತು, ಇನ್ನೊಂದು ‘ಸಹಾಯಕ’ ಎಂದಿತು, ಮತ್ತೊಂದು ಸುವಾರ್ತೆಯಲ್ಲೂ ‘ವಕೀಲ’ ಎಂದೇ ಬರೆಯಿತು. ಉರ್ದು ಬೈಬಲಿನಲ್ಲಿ ‘ಮದದ್‌ಗಾರ್’ ಎಂದಿದೆ. ನಮ್ಮ ಜಿಲ್ಲೆ 1948ರ ತನಕ ನಿಜಾಮ್ ಸಂಸ್ಥಾನದಲ್ಲಿದ್ದುದರಿಂದ ಇಲ್ಲಿನ ಹಿರಿಯ ಮುಸ್ಲಿಮರು ಬೈಬಲಿನ ಮಾತು ಬಂದಾಗ ಉರ್ದು ಪದಗಳಲ್ಲೇ ಯೋಚಿಸುತ್ತಾರೆ.

ಕನ್ನಡದ ಮಟ್ಟಿಗೆ ಈ ಕೆಲಸ ಆರಂಭವಾದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆ ನಿಂತು ಬೈಬಲನ್ನು ಕನ್ನಡಕ್ಕೆ ತರಲು ಶ್ರಮಿಸಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ನಂತರ ಹಲವು ಪರಿಷ್ಕರಣೆಗಳಾದವು. ಇಂದು ‘ಸತ್ಯವೇದ’ ಎಂಬ ಹೆಸರಿನಲ್ಲಿ ಹೆಚ್ಚು ಪ್ರಚಾರದಲ್ಲಿರುವ ಅನುವಾದದಲ್ಲಿ ಈ ಪದವು ‘ಸಹಾಯಕ’ ಎಂದಿದೆ. ಇನ್ನೊಂದು ಅನುವಾದದಲ್ಲಿ ‘ಆದರಿಕ’ ಎಂದಿದೆ. ‘ಸಹಾಯಕ’ ಎಂಬುದು ತಪ್ಪೇನಲ್ಲ. ಆದರೆ ತಹಶೀಲ್ದಾರ್ ಕಚೇರಿಯ ‘ದ್ವಿತೀಯ ದರ್ಜೆ ಸಹಾಯಕ’ರನ್ನು ದಿನಾ ನೋಡುವ ನಮಗೆ ಈ ಪದ ಕೇಳಿದೊಡನೆ ಮೇಲಧಿಕಾರಿಯ ಕೈಕೆಳಗಿನವನು ನೆನಪಾಗುತ್ತಾನೆ. ಗ್ರೀಕ್ ಪದದಲ್ಲಿ ಆ ಕೀಳ್ದರ್ಜೆಯ ಛಾಯೆ ಇಲ್ಲ. ‘ಬೆನ್ನಿಗೆ ನಿಲ್ಲುವವನು’ ಎಂದಿದ್ದರೆ ಮೂಲಕ್ಕೆ ಹೆಚ್ಚು ಹತ್ತಿರವಾಗುತ್ತಿತ್ತೆಂದು ನನಗೆ ತೋರುತ್ತದೆ.

ಅನುವಾದದಿಂದ ಅನುವಾದಕ್ಕೆ ಪದ ಬದಲಾಗುವುದನ್ನು ಕಂಡು “ನೋಡಿ, ಬೈಬಲನ್ನು ತಿದ್ದುತ್ತಲೇ ಇದ್ದಾರೆ” ಎನ್ನುವವರು ನಮ್ಮಲ್ಲಿದ್ದಾರೆ. ಇದು ಸರಿಯಲ್ಲ. ಕುರ್‌ಆನಿನ ‘ತಖ್ವಾ’ ಎಂಬ ಒಂದು ಪದಕ್ಕೆ ಕನ್ನಡದಲ್ಲಿ ದೇವಭಯ, ಭಯಭಕ್ತಿ, ಧರ್ಮನಿಷ್ಠೆ ಎಂದೆಲ್ಲ ಬರೆದವರು ನಾವೇ. ‘ದೀನ್’ ಎಂಬುದನ್ನು ‘ಧರ್ಮ’ ಎಂದು ಬರೆದು ಆಮೇಲೆ ಅದರ ಅಡಿಯಲ್ಲಿ ಅರ್ಧ ಪುಟ ಟಿಪ್ಪಣಿ ಸೇರಿಸಿದವರೂ ನಾವೇ. ಅನುವಾದ ಬದಲಾದರೆ ಮೂಲ ಬದಲಾಯಿತೆಂದಲ್ಲ. ಮೂಲ ಬದಲಾಗಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಹಸ್ತಪ್ರತಿಗಳಲ್ಲೇ ಹುಡುಕಬೇಕು.

‘ಪೆರಿಕ್ಲುತೊಸ್’ ವಾದ

ಗ್ರೀಕ್ ಭಾಷೆಯಲ್ಲಿ ‘ಪೆರಿಕ್ಲುತೊಸ್’ ಎಂಬ ಇನ್ನೊಂದು ಪದವಿದೆ. ಹೋಮರನ ಕಾಲದ ಹಳೆಯ ಕಾವ್ಯಭಾಷೆಯ ಪದ. ‘ಎಲ್ಲೆಡೆ ಕೀರ್ತಿವಂತನಾದವನು’ ಎಂದು ಅದರ ಅರ್ಥ. ‘ಅಹ್ಮದ್’, ‘ಮುಹಮ್ಮದ್’ ಎಂಬ ನಾಮಗಳ ‘ಸ್ತುತ್ಯರ್ಹ’ ಎಂಬ ಅರ್ಥಕ್ಕೆ ಇದು ಹತ್ತಿರವಾಗಿದೆ. ಯೋಹಾನನ ಸುವಾರ್ತೆಯಲ್ಲಿ ಮೊದಲು ಇದೇ ಪದವಿತ್ತು, ಸ್ವರಗಳನ್ನು ಬದಲಿಸಿ ‘ಪರಾಕ್ಲೇತೊಸ್’ ಮಾಡಲಾಯಿತು ಎಂಬುದೇ ನಮ್ಮ ಯುವಕರು ಕೇಳಿರುವ ವಾದ. ಕುರ್‌ಆನಿನ ಪ್ರಸಿದ್ಧ ಇಂಗ್ಲಿಷ್ ಅನುವಾದಕ ಅಬ್ದುಲ್ಲಾ ಯೂಸುಫ್ ಅಲಿಯವರು ತಮ್ಮ ಟಿಪ್ಪಣಿಯಲ್ಲಿ ಇದನ್ನು ನಮ್ಮ ವಿದ್ವಾಂಸರ ಅಭಿಪ್ರಾಯವೆಂದು ಉಲ್ಲೇಖಿಸಿದ್ದರಿಂದ ಅದಕ್ಕೆ ಇನ್ನಷ್ಟು ಪ್ರಚಾರ ಸಿಕ್ಕಿತು.

ಇದಕ್ಕೆ ಆಧಾರವೇನು? ಹಸ್ತಪ್ರತಿಗಳಲ್ಲಿ ಆಧಾರವಿಲ್ಲ. ಯೋಹಾನನ ಸುವಾರ್ತೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಒಂದರಲ್ಲೂ ‘ಪೆರಿಕ್ಲುತೊಸ್’ ಎಂಬ ಪಾಠ ಸಿಕ್ಕಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈಜಿಪ್ಟಿನಿಂದ ಬೆಳಕಿಗೆ ಬಂದ ಪಪೈರಸ್ ಪ್ರತಿಗಳಲ್ಲಿ ವಿದ್ವಾಂಸರು ‘ಪಿ 66’ ಎಂದು ಕರೆಯುವ ಪ್ರತಿಯನ್ನು ಸಾಮಾನ್ಯವಾಗಿ ಕ್ರಿ.ಶ. 200ರ ಸುಮಾರಿನದೆಂದು ಗುರುತಿಸುತ್ತಾರೆ. ಅಂದರೆ ಪ್ರವಾದಿವರ್ಯರ(ಸ) ಜನನಕ್ಕಿಂತ ಮೂರೂವರೆ ಶತಮಾನಕ್ಕೂ ಹಿಂದಿನದು. ಅದರಲ್ಲಿರುವುದೂ ‘ಪರಾಕ್ಲೇತೊಸ್’ ಎಂದೇ. ನಾಲ್ಕನೆಯ ಶತಮಾನದ ದೊಡ್ಡ ಪ್ರತಿಗಳಲ್ಲೂ ಅಷ್ಟೇ. ಪ್ರವಾದಿ ಮುಹಮ್ಮದ್(ಸ)ರ ಆಗಮನದ ನಂತರ ಅವರ ಹೆಸರನ್ನು ಮರೆಮಾಚಲು ಪದ ತಿದ್ದಲಾಯಿತು ಎಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ಆ ಹೆಸರು ಜಗತ್ತಿಗೆ ತಿಳಿಯುವ ಎಷ್ಟೋ ಮೊದಲೇ ಬರೆಯಲಾಗಿದ್ದ ಪ್ರತಿಯಲ್ಲಿ ಯಾರು ಯಾಕೆ ತಿದ್ದಬೇಕು?

ಇನ್ನೊಂದು ಅಂಶ. ಅರಬಿ, ಹೀಬ್ರೂಗಳಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಆದುದರಿಂದ ಒಂದು ಪದವನ್ನು ಇನ್ನೊಂದಾಗಿ ಓದುವ ಸಾಧ್ಯತೆಯಿದೆ. ಗ್ರೀಕ್ ಲಿಪಿ ಹಾಗಲ್ಲ, ಕನ್ನಡದಂತೆ ಅದರಲ್ಲಿ ಸ್ವರಗಳೆಲ್ಲವೂ ಬರೆಹದಲ್ಲಿರುತ್ತವೆ. ಮೂರು ಸ್ವರಗಳು ಒಮ್ಮೆಲೇ ಬದಲಾಗಬೇಕಾದರೆ ಅದು ಕೈತಪ್ಪಿನಿಂದ ಆಗುವಂಥದ್ದಲ್ಲ.

ಹೆಚ್ಚು ಆಶ್ಚರ್ಯದ ಸಂಗತಿ ಮತ್ತೊಂದಿದೆ. ನಮ್ಮ ಪ್ರಾಚೀನ ವಿದ್ವಾಂಸರಿಗೆ ಈ ವಾದದ ಅಗತ್ಯವೇ ಬಿದ್ದಿರಲಿಲ್ಲ. ಪ್ರವಾದಿ ಚರಿತ್ರೆಯನ್ನು ಮೊದಲು ವಿಸ್ತಾರವಾಗಿ ಬರೆದವರಲ್ಲಿ ಒಬ್ಬರಾದ ಇಬ್ನು ಇಸ್‌ಹಾಖ್ (ನಿಧನ: ಸುಮಾರು ಕ್ರಿ.ಶ. 767) ಯೋಹಾನನ ಸುವಾರ್ತೆಯ ಹದಿನೈದನೇ ಅಧ್ಯಾಯದ ಇದೇ ಭಾಗವನ್ನು ಅರಬಿಯಲ್ಲಿ ಕೊಟ್ಟಿದ್ದಾರೆ. ಇಬ್ನು ಹಿಶಾಮ್‌ರ ಮೂಲಕ ಅದು ನಮಗೆ ತಲುಪಿದೆ. ಅಲ್ಲಿ ಅವರು ಸಿರಿಯಾಕ್ ಭಾಷೆಯ ‘ಮುನಹ್ಹೆಮನಾ’ ಎಂಬ ಪದವನ್ನು ಬಳಸಿ, ರೋಮನರ ಭಾಷೆಯಲ್ಲಿ ಅದು ‘ಬರಖ್ಲೀತಿಸ್’ ಎಂದಿದೆ, ಅದು ಮುಹಮ್ಮದ್(ಸ)ರೇ ಎಂದು ಬರೆಯುತ್ತಾರೆ. ‘ಮುನಹ್ಹೆಮನಾ’ ಎಂದರೆ ಸಾಂತ್ವನ ನೀಡುವವನು. ಫೆಲೆಸ್ತೀನಿನ ಕ್ರೈಸ್ತರು ತಮ್ಮ ಅರಮಾಯಿಕ್ ಅನುವಾದದಲ್ಲಿ ಪರಾಕ್ಲೇತೊಸ್ ಎಂಬುದಕ್ಕೆ ಇದೇ ಪದವನ್ನು ಬಳಸಿದ್ದರು. ಅಂದರೆ ಇಬ್ನು ಇಸ್‌ಹಾಖ್‌ರ ಕೈಯಲ್ಲಿದ್ದದ್ದು ಕ್ರೈಸ್ತರೇ ಓದುತ್ತಿದ್ದ ಪಾಠ. ಪದ ತಿದ್ದಲಾಗಿದೆ ಎಂದು ಅವರು ದೂರಲಿಲ್ಲ. ಪದ ಇದ್ದಂತೆಯೇ ಇದ್ದು ಅದು ಸೂಚಿಸುವ ವ್ಯಕ್ತಿ ಇವರೇ ಎಂಬುದು ಅವರ ನಿಲುವು. ‘ಪೆರಿಕ್ಲುತೊಸ್’ ಎಂಬುದನ್ನು ಮುಸ್ಲಿಮರ ಓದು ಎಂದು ಯುರೋಪಿಗೆ ಪರಿಚಯಿಸಿದವರಲ್ಲಿ ಕುರ್‌ಆನನ್ನು 1734ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಜಾರ್ಜ್ ಸೇಲ್ ಎಂಬ ಕ್ರೈಸ್ತ ವಿದ್ವಾಂಸನೂ ಒಬ್ಬ. ಗ್ರೀಕ್ ಬಾರದ ನಮ್ಮವರು ಗ್ರೀಕ್ ಪದದ ಮೇಲೆ ವಾದ ಕಟ್ಟಿದ್ದು ಹೀಗೆ ಬೇರೆಯವರ ಪುಸ್ತಕಗಳು ಕೈಗೆ ಬಂದ ಮೇಲೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚರ್ಚೆ ಭಾರತದಲ್ಲಿ ಬಿರುಸಾಯಿತು. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾ ಕೈರಾನವಿಯವರಿಗೂ ಪಾದ್ರಿ ಫಾಂಡರ್‌ಗೂ ಬಹಿರಂಗ ಸಂವಾದ ನಡೆಯಿತು. ಫಾಂಡರ್ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದವರು. 1834ರಲ್ಲಿ ಮಂಗಳೂರಿಗೆ ಬಂದು ಕನ್ನಡ ನಾಡಿನಲ್ಲಿ ಮುದ್ರಣಾಲಯ, ಶಾಲೆಗಳನ್ನು ತೆರೆದದ್ದೂ ಅದೇ ಮಿಷನ್. ನಂತರ ಕೈರಾನವಿಯವರು ಬರೆದ ‘ಇಝ್‌ಹಾರುಲ್ ಹಖ್’ (1864) ಗ್ರಂಥದಲ್ಲಿ ಫಾರಖ್ಲೀತ್ ಕುರಿತು ದೀರ್ಘ ಚರ್ಚೆಯಿದೆ. ಪೆರಿಕ್ಲುತೊಸ್ ಸಾಧ್ಯತೆಯನ್ನು ಅವರು ಹೇಳುತ್ತಾರೆ. ಆದರೆ ಅವರ ವಾದ ಅದರ ಮೇಲೆಯೇ ನಿಂತಿಲ್ಲ. ಕ್ರೈಸ್ತರು ಹೇಳುವ ಪದವನ್ನೇ ಒಪ್ಪಿಕೊಂಡರೂ ಅದರ ಅರ್ಥ ಪ್ರವಾದಿವರ್ಯರಿಗೆ(ಸ) ಹೊಂದುತ್ತದೆ ಎಂದು ತೋರಿಸುವುದರಲ್ಲೇ ಅವರ ಹೆಚ್ಚಿನ ಶ್ರಮ ವ್ಯಯವಾಗಿದೆ. ನಮ್ಮ ಇಂದಿನ ಭಾಷಣಕಾರರು ಹಿರಿಯರ ಗಟ್ಟಿ ಭಾಗವನ್ನು ಬಿಟ್ಟು ಸಡಿಲ ಭಾಗವನ್ನು ಹಿಡಿದುಕೊಂಡಿದ್ದಾರೆ.

‘ಬರ್ನಬಾಸನ ಸುವಾರ್ತೆ’ಯನ್ನು ಎತ್ತಿ ತೋರಿಸುವವರ ವಿಚಾರವಾಗಿ ಒಂದೇ ಮಾತು ಸಾಕು. ಅದರ ಇಟಾಲಿಯನ್ ಪ್ರತಿ ಹದಿನಾರನೇ ಶತಮಾನದ ಸುಮಾರಿನದು, ಅದಕ್ಕಿಂತ ಹಳೆಯ ಪ್ರತಿ ಇಲ್ಲ. ಅದನ್ನು ಸಾಕ್ಷಿಯಾಗಿ ಕರೆಯದಿರುವುದೇ ಕ್ಷೇಮ.

ಪಾಠವನ್ನು ಇದ್ದಂತೆ ಓದಿದರೆ

ಹಾಗಾದರೆ ಮುಸ್ಲಿಮರಿಗೆ ಈ ವಚನಗಳಲ್ಲಿ ಹೇಳಲು ಏನೂ ಇಲ್ಲವೇ? ಇದೆ. ‘ಬೇರೊಬ್ಬ’ ಪರಾಕ್ಲೇತೊಸ್ ಬರುವನು ಎಂದು ಈಸಾ(ಅ) ಹೇಳಿದಂತೆ ಅಲ್ಲಿದೆ (14:16). ಬೇರೊಬ್ಬ ಎಂದಾಗ ಮೊದಲನೆಯವನೊಬ್ಬ ಇದ್ದಾನೆಂದಾಯಿತು. ಆ ಮೊದಲನೆಯವರು ಸ್ವತಃ ಈಸಾ(ಅ). ಪತ್ರದಲ್ಲಿ (2:1) ಅವರನ್ನೇ ಪರಾಕ್ಲೇತೊಸ್ ಎಂದು ಕರೆಯಲಾಗಿದೆ. ಮೊದಲನೆಯವರು ಜನರ ನಡುವೆ ಓಡಾಡಿದ ಮಾನವರಾಗಿದ್ದರೆ ಎರಡನೆಯವರೂ ಹಾಗೆಯೇ ಇರಬೇಕೆಂದು ಓದುವುದು ಅಸಹಜವಲ್ಲ. ತಾನು ಹೋಗದ ಹೊರತು ಅವನು ಬರುವುದಿಲ್ಲ ಎಂಬ ಮಾತಿದೆ (16:7). ಪವಿತ್ರಾತ್ಮವು ಈಸಾ(ಅ)ರ ಕಾಲದಲ್ಲೇ ಕೆಲಸ ಮಾಡುತ್ತಿತ್ತೆಂದು ಸುವಾರ್ತೆಗಳೇ ಹೇಳುವಾಗ ಈ ಷರತ್ತಿನ ಅರ್ಥವೇನು ಎಂದು ಕೇಳಬಹುದು. ಅವನು ತನ್ನಷ್ಟಕ್ಕೆ ತಾನೇ ಮಾತನಾಡದೆ ಕೇಳಿದ್ದನ್ನೇ ನುಡಿಯುವನು ಎಂಬ ವರ್ಣನೆಯಿದೆ (16:13). ಪ್ರವಾದಿಯವರು(ಸ) ಸ್ವೇಚ್ಛೆಯಿಂದ ನುಡಿಯುವುದಿಲ್ಲ, ಅದು ಅವತೀರ್ಣಗೊಂಡ ದಿವ್ಯವಾಣಿ ಎಂಬ ಸೂರಃ ಅನ್ನಜ್ಮ್‌ನ ಆರಂಭದ ಸೂಕ್ತಗಳನ್ನು ಓದಿದವರಿಗೆ ಇಲ್ಲಿ ಮನಸ್ಸು ತಟ್ಟದೆ ಇರದು.

ಎರಡನೆಯ ಶತಮಾನದಲ್ಲಿ ಏಷ್ಯಾ ಮೈನರಿನ ಮೊಂಟಾನಸ್‌ನ ಅನುಯಾಯಿಗಳು ಆ ಪರಾಕ್ಲೇತೊಸ್ ಅವನ ಬಾಯಿಂದ ಮಾತನಾಡುತ್ತಾನೆಂದು ನಂಬಿದರು, ಮೂರನೆಯ ಶತಮಾನದಲ್ಲಿ ಇರಾಕ್ ಭಾಗದ ಮಾನಿ ತಾನೇ ಆ ವಾಗ್ದಾನವೆಂದು ಹೇಳಿಕೊಂಡ. ಅವರ ವಾದಗಳು ನಿಂತವೋ ಬಿದ್ದವೋ ಬೇರೆ ಮಾತು. ಈ ವಾಗ್ದಾನವು ಒಬ್ಬ ಮಾನವನಲ್ಲಿ ನೆರವೇರಬಹುದೆಂದು ನಿರೀಕ್ಷಿಸಿದವರು ಇಸ್ಲಾಮಿಗಿಂತ ಮೊದಲೂ ಇದ್ದರೆಂಬುದಂತೂ ಇದರಿಂದ ತಿಳಿಯುತ್ತದೆ.

ಆದರೆ ಇನ್ನೊಂದು ಪಕ್ಷದ ಮಾತನ್ನೂ ಪೂರ್ತಿ ಕೇಳಬೇಕು. ಕ್ರೈಸ್ತರ ಬಳಿ ಬಲವಾದ ಉತ್ತರವಿದೆ. ಆ ಪರಾಕ್ಲೇತೊಸ್ ಪವಿತ್ರಾತ್ಮನೇ ಎಂದು 14:26ರಲ್ಲಿ ನೇರವಾಗಿಯೇ ಬರೆದಿದೆ. ಲೋಕವು ಅವನನ್ನು ಕಾಣಲಾರದು, ಅವನು ನಿಮ್ಮೊಳಗೆ ಇರುವನು, ಸದಾಕಾಲ ಇರುವನು ಎಂದೂ ಇದೆ (14:16-17). ಇದು ಮುಂದೆ ಕುಳಿತಿದ್ದ ಶಿಷ್ಯರಿಗೆ ಹೇಳಿದ ಮಾತು, ಆರು ಶತಮಾನ ಬಿಟ್ಟು ಬರುವವರಿಗೆ ಹೇಳಿದ್ದಲ್ಲ, ಪೆಂತೆಕೊಸ್ತ ದಿನದಂದು ಅದು ನೆರವೇರಿತು ಎಂಬುದು ಅವರ ಬೋಧನೆ. ‘ಆತ್ಮ’ ಎಂಬ ಪದವನ್ನು ಯೋಹಾನನ ಪತ್ರದಲ್ಲಿ (4:1-3) ದೇವರ ಹೆಸರಿನಲ್ಲಿ ಮಾತನಾಡುವ ಮನುಷ್ಯರಿಗೂ ಬಳಸಲಾಗಿದೆ ಎಂದು ನಮ್ಮವರು ಇದಕ್ಕೆ ಉತ್ತರಿಸುತ್ತಾರೆ. ಅದು ಯೋಚಿಸಬೇಕಾದ ಉತ್ತರವೇ. ಆದರೂ 14:26ರಲ್ಲಿ ಇರುವುದು ಬರೀ ಆತ್ಮವಲ್ಲ, ‘ಪವಿತ್ರಾತ್ಮ’ ಎಂಬ ಮಾತನ್ನು ಮುಚ್ಚಿಟ್ಟು ಉಳಿದ ಮೂರು ವಚನಗಳನ್ನು ಮಾತ್ರ ಓದಿ ತೋರಿಸುವುದು ಪ್ರಾಮಾಣಿಕತೆಯಲ್ಲ.

ಸರ್ವನಾಮಗಳನ್ನು ಎಣಿಸುವ ವಾದವಂತೂ ಕನ್ನಡದಲ್ಲಿ ಸ್ವಲ್ಪವೂ ನಡೆಯದು. ಒಂದೇ ವಚನದಲ್ಲಿ ಇಷ್ಟು ಸಲ ‘ಅವನು’ ಎಂದಿದೆ, ಆತ್ಮವಾಗಿದ್ದರೆ ‘ಅದು’ ಎಂದಿರಬೇಕಿತ್ತು, ಆದ್ದರಿಂದ ಇದು ಮನುಷ್ಯನೇ ಎಂದು ಕೆಲವರು ಹೇಳುತ್ತಾರೆ. ಗ್ರೀಕಿನಲ್ಲಿ ಲಿಂಗವು ಪದಕ್ಕೆ ಸೇರಿದ್ದು. ‘ಪರಾಕ್ಲೇತೊಸ್’ ಪುಲ್ಲಿಂಗ ಪದವಾದ್ದರಿಂದ ಅದಕ್ಕೆ ಪುಲ್ಲಿಂಗ ಸರ್ವನಾಮ ಬರುತ್ತದೆ, ‘ಆತ್ಮ’ ಎಂಬ ಅರ್ಥದ ಗ್ರೀಕ್ ಪದ ನಪುಂಸಕವಾದ್ದರಿಂದ ಅದಕ್ಕೆ ನಪುಂಸಕ ಬರುತ್ತದೆ. ಕನ್ನಡದಲ್ಲಾದರೋ ಲಿಂಗವು ಅರ್ಥಕ್ಕೆ ಸೇರಿದ್ದು. ‘ಆತ್ಮ ಹೋಯಿತು’ ಎನ್ನುತ್ತೇವೆ, ‘ಆತ್ಮ ಹೋದನು’ ಎನ್ನುವುದಿಲ್ಲ. ಆದರೆ ಕನ್ನಡ ಬೈಬಲಿನಲ್ಲಿ ‘ಪವಿತ್ರಾತ್ಮನು’, ‘ಪರಿಶುದ್ಧಾತ್ಮನು’ ಎಂಬ ರೂಪಗಳನ್ನು ಕಾಣುತ್ತೇವೆ. ಪವಿತ್ರಾತ್ಮವು ತ್ರಿತ್ವದ ಮೂರನೆಯ ವ್ಯಕ್ತಿ ಎಂಬ ಚರ್ಚಿನ ವಿಶ್ವಾಸ ಇಲ್ಲಿ ಕನ್ನಡ ವ್ಯಾಕರಣದ ‘ನು’ ಪ್ರತ್ಯಯವಾಗಿ ಬಂದು ಕುಳಿತಿದೆ. ಕನ್ನಡದ ‘ಆತನು’ ಎಂಬುದನ್ನು ಎಣಿಸಿದರೆ ಅನುವಾದಕರ ವಿಶ್ವಾಸ ತಿಳಿಯುತ್ತದೆ, ಈಸಾ(ಅ)ರ ಮಾತು ತಿಳಿಯುವುದಿಲ್ಲ. ನಮ್ಮಲ್ಲಿ ‘ರೂಹುಲ್ ಖುದುಸ್’ ಎಂಬುದನ್ನು ಬಹುತೇಕ ವ್ಯಾಖ್ಯಾನಕಾರರು ಹ. ಜಿಬ್ರೀಲ್(ಅ) ಎಂದು ಅರ್ಥೈಸಿದ್ದಾರೆ. ಪದ ಒಂದೇ ಆದರೂ ಎರಡು ಸಮುದಾಯಗಳು ಅದರಿಂದ ಬೇರೆ ಬೇರೆ ಅರ್ಥ ತೆಗೆಯುತ್ತವೆ ಎಂಬುದನ್ನು ಮಾತುಕತೆಗೆ ಕೂರುವ ಮೊದಲೇ ತಿಳಿದಿರಬೇಕು.

ಇದೆಲ್ಲದಕ್ಕೂ ಮಿಗಿಲಾದ ಸಂಗತಿಯೆಂದರೆ, ಈಸಾ(ಅ) ಮಾತನಾಡಿದ್ದು ಅರಮಾಯಿಕ್ ಭಾಷೆಯಲ್ಲಿ. ಅವರು ನುಡಿದ ಆ ಪದ ಯಾವುದೆಂದು ಯಾರ ಬಳಿಯೂ ದಾಖಲೆಯಿಲ್ಲ. ನಮ್ಮ ಮುಂದಿರುವುದು ಗ್ರೀಕಿನಲ್ಲಿ ಬರೆಯಲ್ಪಟ್ಟ ಸುವಾರ್ತೆ. ತಮ್ಮ ನಂತರ ಅಹ್ಮದ್ ಎಂಬ ಹೆಸರಿನ ಸಂದೇಶವಾಹಕರು ಬರುವರೆಂದು ಈಸಾ(ಅ) ಶುಭವಾರ್ತೆ ನೀಡಿದರು ಎಂಬ ನಮ್ಮ ವಿಶ್ವಾಸಕ್ಕೆ ಆಧಾರ ಸೂರಃ ಅಸ್ಸಫ್ಫ್‌ನ 6ನೇ ಸೂಕ್ತ. ಆ ಸೂಕ್ತವು ಯೋಹಾನನ ಇಂಥ ವಚನದಲ್ಲಿ ಇಂಥ ಪದವಾಗಿ ಅದು ಸಿಗುತ್ತದೆ ಎಂದು ಹೇಳಿಲ್ಲ. ಪದವೊಂದರ ಸ್ವರ ಬದಲಾಯಿತೆಂದು ತೋರಿಸಲಾಗದಿದ್ದರೆ ನಮ್ಮ ಈಮಾನಿಗೆ ಏನೂ ಕೊರತೆಯಾಗದು. ಸುಳ್ಳು ಸಾಕ್ಷ್ಯ ಕೊಟ್ಟರೆ ಮಾತ್ರ ಕೊರತೆಯಾಗುತ್ತದೆ.

ಯಾರ ಪರವಾಗಿ ವಕಾಲತ್ತು?

ಇಲ್ಲಿ ಸೂರಃ ಅನ್ನಿಸಾದ 105ರಿಂದ 113ರ ವರೆಗಿನ ಸೂಕ್ತಗಳನ್ನು ನೆನಪಿಸಿಕೊಳ್ಳಬೇಕು. ತಫ್ಸೀರ್ ಗ್ರಂಥಗಳಲ್ಲಿ ಬರುವ ಪ್ರಸಿದ್ಧ ವರದಿಯ ಪ್ರಕಾರ, ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡಿದ್ದ ಒಬ್ಬಾತ ಯುದ್ಧಕವಚವೊಂದನ್ನು ಕದ್ದು, ಸಿಕ್ಕಿಬೀಳುವ ಹೆದರಿಕೆಯಿಂದ ಕಳವಿನ ಆರೋಪವನ್ನು ಒಬ್ಬ ಯಹೂದಿಯ ಮೇಲೆ ಹಾಕಿದ. ಅವನ ಕುಲದವರು ಗುಂಪಾಗಿ ಪ್ರವಾದಿವರ್ಯರ(ಸ) ಬಳಿಗೆ ಬಂದು ತಮ್ಮವನ ಪರವಾಗಿ ವಾದಿಸಿದರು. ಗ್ರೀಕರು ಪರಾಕ್ಲೇತೊಸ್ ಎನ್ನುತ್ತಿದ್ದುದು ಇಂಥವರನ್ನೇ. ಕರೆದಾಗ ಬಂದು ಪಕ್ಕದಲ್ಲಿ ನಿಂತವರು. ನಮ್ಮವನು, ನಮ್ಮ ಮತದವನು, ಎದುರಿಗಿರುವವನು ಗ್ರಂಥದವನು ಎಂಬುದಷ್ಟೇ ಅವರ ನ್ಯಾಯವಾಗಿತ್ತು. ಆಗ ಅವತೀರ್ಣವಾದ ಸೂಕ್ತಗಳು ಯಹೂದಿಯನ್ನು ನಿರಪರಾಧಿಯೆಂದು ಬಿಡಿಸಿದವು, ವಂಚಕರ ಪರ ವಾದಿಸಬಾರದೆಂದು ಆದೇಶಿಸಿದವು. 109ನೇ ಸೂಕ್ತದಲ್ಲಿ ಆ ಬಂಧುಗಳನ್ನು ಕೇಳಲಾಗಿದೆ: ಈ ಲೋಕದಲ್ಲಿ ನೀವು ಇವರಿಗಾಗಿ ವಾದಿಸಿದಿರಿ, ಪುನರುತ್ಥಾನ ದಿನದಂದು ಅಲ್ಲಾಹನ ಮುಂದೆ ಇವರಿಗಾಗಿ ವಾದಿಸುವವರು ಯಾರು, ಇವರ ‘ವಕೀಲ’ ಯಾರಾಗುವರು? ಅಲ್ಲಿ ಇರುವ ಅರಬಿ ಪದ ‘ವಕೀಲ್’ ಎಂದೇ. ರಾಯಚೂರಿನ ಕೋರ್ಟಿನಲ್ಲಿ ಕರಿ ಕೋಟಿನವರಿಗೆ ನಾವು ಹೇಳುವ ಪದ. ಹಸ್ತಪ್ರತಿಯ ಆಧಾರವಿಲ್ಲದೆ ನೆರೆಯವನ ಗ್ರಂಥದ ಮೇಲೆ ತಿದ್ದುಪಡಿಯ ಕಳ್ಳತನವನ್ನು ಹೊರಿಸುವ ನಮ್ಮ ಭಾಷಣಕಾರರು ಈ ಸೂಕ್ತಗಳನ್ನು ಮತ್ತೊಮ್ಮೆ ಓದಲಿ.

ಇದೇ ಸೂಕ್ತ ನಮ್ಮನ್ನು ಆ ಕಠಿಣ ಪದದ ತಿರುಳಿಗೂ ಕೊಂಡೊಯ್ಯುತ್ತದೆ. ಪದದ ಅರ್ಥ ‘ಪಕ್ಕದಲ್ಲಿ ನಿಂತು ಪರವಾಗಿ ಮಾತನಾಡುವವನು’ ಎಂದಾದರೆ, ದೇವರ ಮುಂದೆ ಮನುಷ್ಯನ ಪಕ್ಕದಲ್ಲಿ ನಿಲ್ಲುವವರು ಯಾರು, ನಿಂತು ಏನು ಮಾಡುವರು ಎಂಬುದೇ ನಿಜವಾದ ಪ್ರಶ್ನೆ. ಯೋಹಾನನ ಪತ್ರದ ಆ ಭಾಗವನ್ನು (2:1-2) ಓದಿದರೆ ಕ್ರೈಸ್ತರ ಉತ್ತರ ತಿಳಿಯುತ್ತದೆ. ಪಾಪ ಮಾಡಿದವನ ಪರವಾಗಿ ತಂದೆಯ ಬಳಿ ಮಾತನಾಡುವವನು ಯೇಸು, ಅಷ್ಟೇ ಅಲ್ಲ, ಅವನೇ ಆ ಪಾಪಗಳಿಗೆ ಪ್ರಾಯಶ್ಚಿತ್ತವೂ ಆಗಿದ್ದಾನೆ. ಪಂಚಾಯತಿಗೆ ಬಂದ ಹಿರಿಯರು ನಾಲ್ಕು ಮಾತು ಹೇಳಿ ಸುಮ್ಮನಾಗದೆ ದಂಡವನ್ನೂ ತಾವೇ ಕಟ್ಟಿದಂತೆ. ಇಸ್ಲಾಮಿನ ಉತ್ತರ ಇಲ್ಲಿಂದ ಬೇರೆಯಾಗುತ್ತದೆ. ಶಿಫಾರಸನ್ನು ಇಸ್ಲಾಮ್ ನಿರಾಕರಿಸುವುದಿಲ್ಲ. ಜನರು ಆ ದಿನದಂದು ಆದಮ್(ಅ)ರಿಂದ ಈಸಾ(ಅ)ರವರೆಗೆ ಒಬ್ಬೊಬ್ಬ ಪ್ರವಾದಿಯ ಬಳಿಗೆ ಹೋಗಿ ಕೊನೆಗೆ ಮುಹಮ್ಮದ್(ಸ)ರ ಬಳಿಗೆ ಬರುವರೆಂಬ ದೀರ್ಘ ಹದೀಸು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಆದರೆ ಅಲ್ಲಾಹನ ಅನುಮತಿಯಿಲ್ಲದೆ ಅವನ ಮುಂದೆ ಯಾರೂ ಶಿಫಾರಸು ಮಾಡಲಾರರು (ಆಯತುಲ್ ಕುರ್ಸೀ), ಒಬ್ಬನ ಭಾರವನ್ನು ಇನ್ನೊಬ್ಬನು ಹೊರಲಾರನು (ಸೂರಃ ಅಲ್ ಅನ್‌ಆಮ್: 164). ಪ್ರವಾದಿವರ್ಯರಿಗೇ(ಸ) ‘ನೀವು ಇವರ ಮೇಲಿನ ವಕೀಲರಲ್ಲ’ ಎಂಬರ್ಥದಲ್ಲಿ ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ಹೇಳಿದೆ (ಅಲ್ ಅನ್‌ಆಮ್: 107, ಅಝ್ಝುಮರ್: 41). ಅಲ್ಲಿ ‘ವಕೀಲ್’ ಎಂದರೆ ಇನ್ನೊಬ್ಬರ ಹೊಣೆ ಹೊತ್ತವನು. ಮುಟ್ಟಿಸುವುದು ಪ್ರವಾದಿಯ ಹೊಣೆ, ಉತ್ತರ ಕೊಡುವುದು ಪ್ರತಿಯೊಬ್ಬನ ಹೊಣೆ.

ಮಾನ್ವಿಯಲ್ಲೋ ದೇವದುರ್ಗದಲ್ಲೋ ಕ್ರೈಸ್ತ ಮಿತ್ರರೊಂದಿಗೆ ಕುಳಿತಾಗ ಈ ಎರಡು ಉತ್ತರಗಳನ್ನು ಎದುರುಬದುರಾಗಿಟ್ಟು ಮಾತನಾಡಬಹುದು. ಅವರೂ ಕಿವಿಗೊಡುತ್ತಾರೆ, ಅವರ ಮಾತಿಗೆ ನಾವೂ ಕಿವಿಗೊಡಬಹುದು. ಗ್ರಂಥದವರೊಂದಿಗೆ ಉತ್ತಮ ರೀತಿಯಲ್ಲೇ ಹೊರತು ವಾದಿಸಬಾರದೆಂದು ಸೂರಃ ಅಲ್ ಅಂಕಬೂತ್‌ನ 46ನೇ ಸೂಕ್ತ ಆದೇಶಿಸುತ್ತದೆ.

ಆ ದಿನದಂದು ಈಸಾ(ಅ) ಏನು ಹೇಳುವರೆಂಬುದು ಸೂರಃ ಅಲ್ ಮಾಇದಾದ ಕೊನೆಯಲ್ಲಿದೆ. ನನ್ನನ್ನೂ ನನ್ನ ತಾಯಿಯನ್ನೂ ಆರಾಧ್ಯರಾಗಿ ಮಾಡಿಕೊಳ್ಳಿರೆಂದು ನೀನು ಜನರಿಗೆ ಹೇಳಿದ್ದೆಯಾ ಎಂದು ಅಲ್ಲಾಹನು ಕೇಳಿದಾಗ, ಅವರು ತನ್ನ ಹೊಣೆಯನ್ನು ನಿರಾಕರಿಸಿ, ನಂತರ ತನ್ನ ಜನರ ಕುರಿತು ಒಂದೇ ಮಾತು ಹೇಳುವರು. ನೀನು ಇವರನ್ನು ಶಿಕ್ಷಿಸಿದರೆ ಇವರು ನಿನ್ನ ದಾಸರು, ಕ್ಷಮಿಸಿದರೆ ನೀನು ಪ್ರತಾಪಶಾಲಿಯೂ ಯುಕ್ತಿಪೂರ್ಣನೂ ಆಗಿರುವೆ ಎಂಬುದು ಅದರ ಭಾವಾರ್ಥ (118). ಪ್ರವಾದಿವರ್ಯರು(ಸ) ಒಂದು ರಾತ್ರಿ ನಮಾಝಿನಲ್ಲಿ ಈ ಒಂದೇ ಸೂಕ್ತವನ್ನು ಮತ್ತೆ ಮತ್ತೆ ಓದುತ್ತ ಬೆಳಗಿನವರೆಗೆ ನಿಂತಿದ್ದರೆಂದು ಹ. ಅಬೂ ಝರ್(ರ) ವರದಿ ಮಾಡಿದ್ದಾರೆ. ಸಹೀಹ್ ಮುಸ್ಲಿಮ್‌ನ ಇನ್ನೊಂದು ವರದಿಯಂತೆ, ಈಸಾ(ಅ)ರ ಈ ಮಾತನ್ನು ಓದಿ ಅವರು ಕೈಗಳನ್ನೆತ್ತಿ ತಮ್ಮ ಸಮುದಾಯಕ್ಕಾಗಿ ಪ್ರಾರ್ಥಿಸುತ್ತ ಅತ್ತರು, ಅವರು ಅಳುತ್ತಿರುವುದೇಕೆಂದು ಕೇಳಿ ಬರಲು ಅಲ್ಲಾಹನು ಜಿಬ್ರೀಲ್(ಅ)ರನ್ನು ಅವರ ಬಳಿಗೆ ಕಳುಹಿಸಿದನು.